ಪೆಟ್ಟಿಗೆ ತೆರೆದರೂ ಕೀಲಿಕೈ ಕಾಣುತ್ತಿಲ್ಲ: ಪಠ್ಯ ಸಾಹಸದಾಟದಲ್ಲಿ ದೋಷ ಹುಡುಕುವ ಬಗೆ

ಪ್ರಶ್ನೆ

ಆಟಗಾರ ಆದೇಶಗಳನ್ನು ಟೈಪ್ ಮಾಡಿ ಆಡುವ ಪಠ್ಯ ಸಾಹಸದಾಟಗಳನ್ನು ರಚಿಸುವ ಇನ್‌ಫಾರ್ಮ್ 7 ಎಂಬ ಸಾಧನದಲ್ಲಿ ಸುಮಾರು ನಲವತ್ತು ಕೋಣೆಗಳ ಅಂಥ ಆಟವೊಂದನ್ನು ಬರೆಯುತ್ತಿದ್ದೇನೆ. ನೆಲಮಾಳಿಗೆಯ ಪೆಟ್ಟಿಗೆಯಲ್ಲಿ ಒಂದು ಕೀಲಿಕೈ ಇದೆ. ಆಟದ ಆರಂಭದಲ್ಲೇ ಅಲ್ಲಿಗೆ ಹೋದರೆ ಅದು ಸಿಗುತ್ತದೆ. ತೋಟವನ್ನೂ ಗ್ರಂಥಾಲಯವನ್ನೂ ಸುತ್ತಿ ಬಂದ ಮೇಲೆ ಎತ್ತಿಕೊಳ್ಳಲು ಹೋದರೆ ಅಂಥ ವಸ್ತುವೇ ಕಾಣುತ್ತಿಲ್ಲವೆಂಬ ಉತ್ತರ ಬರುತ್ತದೆ. ಪ್ರತಿ ಸಲವೂ ಮೊದಲಿನಿಂದ ಆಡಿ ನೋಡುವುದನ್ನು ಬಿಟ್ಟು ಬೇರೆ ದಾರಿ ಇದೆಯೇ?

ಮೊದಲ ಉತ್ತರ

ಇದೆ. ದೋಷ ಕಾಣಿಸಿಕೊಳ್ಳುವ ಸ್ಥಿತಿಗೆ ಬಂದ ಕೂಡಲೇ 'ಆಕ್ಷನ್ಸ್' ಎಂದು ಟೈಪ್ ಮಾಡಿ, ನಂತರ ಕೀಲಿಕೈಯನ್ನು ಎತ್ತಿಕೊಳ್ಳಲು ಹೇಳಿ. ಕ್ರಿಯೆಯೊಂದು ಆರಂಭವಾಗಿ ಯಾವುದಾದರೂ ನಿಯಮಕ್ಕೆ ಸಿಕ್ಕಿ ನಿಂತಿದ್ದರೆ ಆ ನಿಯಮದ ಹೆಸರೇ ಅಲ್ಲಿ ಕಾಣುತ್ತದೆ. ಏನೂ ಕಾಣದಿದ್ದರೆ ಅದೂ ಒಂದು ಸುಳಿವು: ನಿಮ್ಮ ನಿಯಮಗಳವರೆಗೆ ಮಾತು ತಲುಪಿಯೇ ಇಲ್ಲ, ಆ ವಸ್ತು ಆಟಗಾರನ ವ್ಯಾಪ್ತಿಯಲ್ಲಿಲ್ಲವೆಂದು, ಟೈಪ್ ಮಾಡಿದ ಮಾತನ್ನು ಅರ್ಥೈಸುವ ಭಾಗವಾದ ಪಾರ್ಸರ್ ಮೊದಲೇ ತಡೆದಿದೆ. ಆಗ 'ಶೋಮಿ' ಆದೇಶದ ಜೊತೆ ಕೀಲಿಕೈಯ ಹೆಸರು ಕೊಟ್ಟರೆ ಅದು ಈಗ ನಿಜವಾಗಿ ಎಲ್ಲಿದೆ, ಅದರ ಗುಣಗಳೇನು ಎಂಬುದು ತಿಳಿಯುತ್ತದೆ.

ಒಂದು ಎಚ್ಚರಿಕೆ. ಯಾವುದೇ ವಸ್ತುವಿನ ಬಳಿಗೆ ಒಯ್ಯುವ 'ಗೋನಿಯರ್', ಎಲ್ಲಿಂದಲಾದರೂ ವಸ್ತುವನ್ನು ಕೈಗೆ ತರುವ 'ಪರ್ಲಾಯ್ನ್' ಬಹಳ ಉಪಯುಕ್ತವಾದರೂ, ನಿಮ್ಮ ದೋಷ ಸುತ್ತಾಟದ ನಡುವೆಯೇ ಹುಟ್ಟುತ್ತಿರುವುದರಿಂದ, ಆ ಸುತ್ತಾಟವನ್ನೇ ಹಾರಿಸಿಬಿಡುವ ಈ ಆದೇಶಗಳು ದೋಷವನ್ನು ಮರೆಮಾಡುತ್ತವೆ.

ಪ್ರಶ್ನೆ ಕೇಳಿದವರು

ಕೀಲಿಕೈ ಆಟದಿಂದಲೇ ಹೊರಗೆ ಹೋಗಿತ್ತು. ಗ್ರಂಥಾಲಯದ ಚೀಟಿಯನ್ನು ತೆಗೆದುಹಾಕಲೆಂದು ಬರೆದಿದ್ದ, ಪ್ರತಿ ಸರದಿಯಲ್ಲೂ ನಡೆಯುವ ನಿಯಮವೊಂದು, ಷರತ್ತನ್ನು ಸಡಿಲವಾಗಿ ಬರೆದ ಕಾರಣ ಕೀಲಿಕೈಯನ್ನೂ ಸೇರಿಸಿಕೊಂಡು ತೆಗೆದುಹಾಕುತ್ತಿತ್ತು. ಇಂಥದ್ದು ಮತ್ತೆ ನುಸುಳದಂತೆ ಕಾಯುವುದು ಹೇಗೆ?

ಎರಡನೆಯ ಉತ್ತರ

ಆ ಸುತ್ತಾಟದ ಆದೇಶಗಳನ್ನೇ ಒಂದು 'ಟೆಸ್ಟ್ ಮಿ' ಸಾಲಾಗಿ ಆಟದ ಮೂಲಪಠ್ಯದಲ್ಲಿ ಬರೆದಿಡಿ; ಆಡುವಾಗ 'ಟೆಸ್ಟ್ ಮಿ' ಎಂದರೆ ಅವೆಲ್ಲ ತಾವಾಗಿಯೇ ಓಡುತ್ತವೆ. ಒಂದು ಪರೀಕ್ಷೆಯೊಳಗಿಂದ ಇನ್ನೊಂದನ್ನು ಕರೆಯಬಹುದು, ಯಾವ ಕೋಣೆಯಲ್ಲಿ ಯಾವ ವಸ್ತುವನ್ನು ಹಿಡಿದು ಆರಂಭಿಸಬೇಕೆಂದೂ ಸೂಚಿಸಬಹುದು. ಆಟದಲ್ಲಿ ಯಾದೃಚ್ಛಿಕ ಘಟನೆಗಳಿದ್ದರೆ ಅವು ಪ್ರತಿ ಓಟದಲ್ಲೂ ಒಂದೇ ಬಗೆಯಲ್ಲಿ ನಡೆಯುವಂತೆ ಮಾಡುವ 'ರ‍್ಯಾಂಡಮ್' ಆದೇಶವನ್ನು ಮೊದಲು ಕೊಡಿ, ಇಲ್ಲದಿದ್ದರೆ ಒಂದು ಓಟದ ಫಲಿತಾಂಶವನ್ನು ಮತ್ತೊಂದರೊಡನೆ ಹೋಲಿಸಲಾಗದು. ಇನ್‌ಫಾರ್ಮ್‌ನ 'ಸ್ಕೀನ್' ಫಲಕ ನೀವು ಆಡಿದ ಎಲ್ಲ ಕವಲುಗಳನ್ನೂ ಉಳಿಸಿಕೊಳ್ಳುತ್ತದೆ; ಹಳೆಯ ಕವಲೊಂದನ್ನು ಮತ್ತೆ ಓಡಿಸಿದರೆ ಯಾವ ಉತ್ತರ ಬದಲಾಗಿದೆಯೆಂದು ತಿಳಿಯುತ್ತದೆ. ನನ್ನ ಮಟ್ಟಿಗೆ ಈ ಫಲಕವೊಂದೇ ಉಳಿದೆಲ್ಲ ಸಾಧನಗಳಿಗಿಂತ ಹೆಚ್ಚು ಶ್ರಮ ಉಳಿಸಿದೆ.

ಮೂರನೆಯ ಉತ್ತರ

ಬೇರೆಯವರಿಂದಲೂ ಆಡಿಸಿ, 'ಸ್ಕ್ರಿಪ್ಟ್' ಆದೇಶದಿಂದ ಸಿಗುವ ಪೂರ್ಣ ದಾಖಲೆಯನ್ನು ತರಿಸಿಕೊಳ್ಳಿ. ತಮ್ಮ ಟಿಪ್ಪಣಿಗಳನ್ನು ನಕ್ಷತ್ರಚಿಹ್ನೆಯಿಂದ ಆರಂಭಿಸಲು ಹೇಳಿದರೆ ಅವನ್ನು ಆಮೇಲೆ ಹುಡುಕುವುದು ಸುಲಭ. ಅವರಿಗೆ ಬಿಡುಗಡೆಯ ಆವೃತ್ತಿಯನ್ನೇ ಕೊಡಿ, ಏಕೆಂದರೆ ಮೇಲಿನ ಪರೀಕ್ಷಾ ಆದೇಶಗಳು ಅದರಲ್ಲಿ ಇರುವುದಿಲ್ಲ.