ನಾಯಿಯ ಇನ್ಶೂರೆನ್ಸ್: ಕೋ-ಪೇ, ಡಿಡಕ್ಟಿಬಲ್, ವೇಟಿಂಗ್ ಪೀರಿಯಡ್ ಬಿಡಿಸಿ ಹೇಳುವವರಿದ್ದೀರಾ?

ನೀರ್ಚಾಲು_ತೋಟ:

ಲ್ಯಾಬ್ರಡಾರ್, ಹೆಣ್ಣು, ಎರಡು ವರ್ಷ, ಸಂತಾನಹರಣ ಆಪರೇಶನ್ ಮಾಡಿಸಿಲ್ಲ. ಬದಿಯಡ್ಕದ ಹತ್ತಿರ, ಅಡಿಕೆ ತೋಟದ ನಡುವೆ ಮನೆ. ಏಜೆಂಟರು ಕೊಟ್ಟ ಪಾಲಿಸಿಯ ಮಾದರಿ ಪ್ರತಿ 22 ಪುಟ ಉಂಟು, ಎಲ್ಲ ಇಂಗ್ಲಿಷು. ಅಂಕಿಗಳು ಹೀಗೆ: ವಿಮಾ ಮೊತ್ತ 40,000 ರೂಪಾಯಿ. ಒಂದು ಕಾಯಿಲೆಗೆ ಅದರ ಅರ್ಧ ಮಾತ್ರ. ಡಿಡಕ್ಟಿಬಲ್ 2,000. ಕೋ-ಪೇ ಶೇ. 20. ಕಾಯಿಲೆಗೆ 30 ದಿನ ವೇಟಿಂಗ್, ಅಪಘಾತಕ್ಕೆ ವೇಟಿಂಗ್ ಇಲ್ಲ. ಒಪಿ, ಅಂದರೆ ದಾಖಲಾಗದೆ ಹೊರರೋಗಿಯಾಗಿ ಪಡೆಯುವ ಚಿಕಿತ್ಸೆ ಬೇಕಾದರೆ ಬೇರೆ ಪ್ರೀಮಿಯಂ.

ಕೇಳಬೇಕಾದ್ದು ಮೂರು. ಡಿಡಕ್ಟಿಬಲ್ ಮತ್ತು ಕೋ-ಪೇ ಎರಡೂ ನಾವೇ ಕೊಡುವ ಹಣ ಅಂತಾದರೆ ಎರಡು ಹೆಸರು ಯಾಕೆ? ಒಪಿ ಸೇರಿಸದಿದ್ದರೆ ನಷ್ಟ ಉಂಟಾ? ರಾಜ್ಯದ ಗಡಿ ತಲಪಾಡಿ ದಾಟಿ ಮಂಗಳೂರಲ್ಲಿ ಚಿಕಿತ್ಸೆ ಮಾಡಿಸಿದರೆ ಬಿಲ್ಲು ನಡೀತದಾ?

ಕುಂಬ್ಳೆಯ_ಲೆಕ್ಕಿಗ:

ಎರಡನೇ ಪ್ರಶ್ನೆಯಿಂದ ಶುರು ಮಾಡ್ತೇನೆ, ನಮ್ಮ ಕಡೆಯವರಿಗೆ ಹೆಚ್ಚು ಹೊಡೆತ ಬೀಳುವುದು ಅಲ್ಲೇ. ಲಾಭಗಳ ಪಟ್ಟಿ ಇರುವ ಪುಟ ಆಮೇಲೆ ನೋಡಿ, ಮೊದಲು ವ್ಯಾಖ್ಯೆಗಳ ಪುಟ ತೆಗೆಯಿರಿ. ಅದರಲ್ಲಿ 'ಹಾಸ್ಪಿಟಲೈಸೇಶನ್' ಎಂಬ ಶಬ್ದಕ್ಕೆ ಏನು ಅರ್ಥ ಕೊಟ್ಟಿದ್ದಾರೆ ನೋಡಿ. 24 ಗಂಟೆ ಒಳರೋಗಿಯಾಗಿ ಇರಬೇಕು ಅಂತ ಇದ್ದರೆ ಕಾಸರಗೋಡು ಜಿಲ್ಲೆಯ ಹಳ್ಳಿಯಲ್ಲಿ ಆ ಪಾಲಿಸಿ ಮುಕ್ಕಾಲು ಪಾಲು ಕಾಗದ ಮಾತ್ರ. ಇಲ್ಲಿ ನಾಯಿಗೆ ಪಾರ್ವೋ (ವೈರಸ್ಸಿನ ವಾಂತಿಭೇದಿ) ಬಂದರೂ ಮೃಗಾಸ್ಪತ್ರೆಯ ಜಗಲಿಯಲ್ಲೋ ಖಾಸಗಿ ಕ್ಲಿನಿಕ್ಕಿನ ಮೇಜಿನ ಮೇಲೋ ಹಗಲು ಡ್ರಿಪ್ ಹಾಕಿಸಿ, ಕಾಲಿಗೆ ಚುಚ್ಚಿದ ಸೂಜಿ ಹಾಗೇ ಕಟ್ಟಿಸಿ, ಸಂಜೆ ಮನೆಗೆ ಕರಕೊಂಡು ಬರುವುದೇ ಕ್ರಮ. ಐದು ದಿನ ಹೀಗೆ ಮಾಡಿದರೂ ಅದು 'ದಾಖಲಾತಿ' ಆಗುವುದಿಲ್ಲ, ಕಂಪೆನಿಯ ಲೆಕ್ಕದಲ್ಲಿ ಅದು ಐದು ಒಪಿ ಭೇಟಿ. ಹಾಗಾಗಿ ಒಂದೋ ವ್ಯಾಖ್ಯೆಯಲ್ಲಿ 'ಡೇ ಕೇರ್ ಚಿಕಿತ್ಸೆ ಸೇರಿ' ಅಂತ ಇರಬೇಕು, ಇಲ್ಲವೇ ಒಪಿ ಸೇರಿಸಿಕೊಳ್ಳಬೇಕು. ಏಜೆಂಟರು ಬಾಯಲ್ಲಿ 'ಅದೆಲ್ಲ ಬರ್ತದೆ' ಅಂದರೆ ಸಾಲದು, ಕಂಪೆನಿಗೆ ಇಮೈಲ್ ಹಾಕಿ ಉತ್ತರ ಬರೆಸಿಕೊಳ್ಳಿ. ಪ್ರಶ್ನೆ ಇಷ್ಟೇ: ರಾತ್ರಿ ತಂಗದೆ ಹಗಲು ಡ್ರಿಪ್ ಕೊಟ್ಟ ಚಿಕಿತ್ಸೆ ಯಾವ ವಿಭಾಗದಲ್ಲಿ ಸಿಗುತ್ತದೆ?

ಈಗ ಲೆಕ್ಕ. ಡಿಡಕ್ಟಿಬಲ್ ಎಂದರೆ ಬಿಲ್ಲು ಎಷ್ಟೇ ಇರಲಿ, ಮೊದಲಿಗೆ ನಿಮ್ಮ ತಲೆಗೆ ಬರುವ ನಿಗದಿ ಮೊತ್ತ. ಕೋ-ಪೇ ಎಂದರೆ ಶೇಕಡಾ ಪಾಲು, ಬಿಲ್ಲು ಏರಿದ ಹಾಗೆ ಅದೂ ಏರ್ತದೆ. 1,800ರ ಬಿಲ್ಲಿಗೆ ಡಿಡಕ್ಟಿಬಲ್ ಒಂದೇ ಸಾಕು, ಕ್ಲೇಮು ಸೊನ್ನೆ. ಈ 2,000 ವರ್ಷಕ್ಕೊಮ್ಮೆಯೋ ಪ್ರತಿ ಕ್ಲೇಮಿಗೋ ಅಂತಲೂ ನೋಡಿ. ಪ್ರತಿ ಕ್ಲೇಮಿಗೆ ಅಂತಿದ್ದರೆ ಸಣ್ಣ ಬಿಲ್ಲುಗಳನ್ನು ಮರೆತುಬಿಡಬೇಕು.

ಒಂದು ಆಪರೇಶನಿಗೆ 28,600 ಆಯಿತು ಅಂತ ಇಟ್ಟುಕೊಳ್ಳಿ. ಅದರಲ್ಲಿ ಆಹಾರ 900, ಉಣ್ಣಿಯ ಶಾಂಪೂ 700, ನೋಂದಣಿ ಮತ್ತು ಇತರೆ 1,000. ಇವು ಕಂಪೆನಿ ಕೊಡದ ಬಾಬ್ತು, ಮೊದಲೇ ಕಳೆದು ಉಳಿದದ್ದು 26,000. ಇನ್ನು ನಿಮ್ಮ ಪಾಲಿಸಿಯ 'ಒಂದು ಕಾಯಿಲೆಗೆ 20,000' ಎಂಬ ಮಿತಿಯನ್ನು ಯಾವಾಗ ಹಾಕುತ್ತಾರೆ ಎಂಬುದರ ಮೇಲೆ ಎಲ್ಲ ನಿಂತಿದೆ. ಮೊದಲೇ ಹಾಕಿದರೆ 20,000, ಅದರಿಂದ ಡಿಡಕ್ಟಿಬಲ್ ಕಳೆದು 18,000, ಅದರ ಶೇ. 20 ಕಳೆದು ಕೈಗೆ 14,400. ಕೊನೆಗೆ ಹಾಕಿದರೆ 26,000ದಿಂದ 2,000 ಹೋಗಿ 24,000, ಕೋ-ಪೇ 4,800 ಹೋಗಿ 19,200. ಮಿತಿಯ ಒಳಗೇ ಇದೆ, ಪೂರ್ತಿ ಸಿಗುತ್ತದೆ. ಅದೇ ಬಿಲ್ಲು, ಅದೇ ಅಂಕಿಗಳು, ವ್ಯತ್ಯಾಸ 4,800 ರೂಪಾಯಿ. ಡಿಡಕ್ಟಿಬಲ್ ಮೊದಲೋ ಕೋ-ಪೇ ಮೊದಲೋ ಎಂಬ ಜಗಳ ಇದರ ಎದುರು ಏನೂ ಅಲ್ಲ, ಅಲ್ಲಿ ಹೆಚ್ಚುಕಮ್ಮಿ ಬರುವುದು 400 ಅಷ್ಟೆ. ಈ ಕ್ರಮ ಪಾಲಿಸಿಯ ಕ್ಲೇಮ್ ಇತ್ಯರ್ಥದ ಷರತ್ತಿನಲ್ಲಿ ಒಂದೆರಡು ಸಾಲಿನಲ್ಲಿ ಇರುತ್ತದೆ, ಸಾಮಾನ್ಯವಾಗಿ ಯಾರೂ ಓದದ ಸಾಲು.

ಮುಳ್ಳೇರಿಯ_ಮದ್ದುಪೆಟ್ಟಿಗೆ:

ಕಾಗದದ ಕಡೆಯಿಂದ ಅವರು ಹೇಳಿದ್ದು ಸರಿ. ಆಸ್ಪತ್ರೆಯ ಕಡೆಯಿಂದ ಕೆಡುವುದು ಬೇರೆ ರೀತಿಯಲ್ಲಿ.

ಕ್ಲೇಮು ಕೆಡಿಸುವ ದೊಡ್ಡ ವಸ್ತು ಕೇಸ್ ಶೀಟಿನ ಮೊದಲ ಸಾಲು. ಡಾಕ್ಟ್ರು 'ಎಷ್ಟು ದಿನದಿಂದ?' ಅಂತ ಕೇಳಿದಾಗ ನಾವು 'ಸುಮಾರು ಸಮಯದಿಂದ ಕುಂಟ್ತಾ ಉಂಟು, ಒಂದೆರಡು ತಿಂಗಳು' ಅಂತ ಅಂದಾಜಿಗೆ ಹೇಳಿಬಿಡ್ತೇವೆ. ಅವರು ಹಾಗೇ ಬರೆಯುತ್ತಾರೆ. ಪಾಲಿಸಿಗೆ ಒಂದೂವರೆ ತಿಂಗಳು ಮಾತ್ರ ಆಗಿದ್ದರೆ ಆ ಕಾಯಿಲೆ 'ಮೊದಲೇ ಇದ್ದದ್ದು' ಆಯಿತು, ಅಲ್ಲಿಗೆ ಮುಗಿಯಿತು. ವೇಟಿಂಗ್ ಅವಧಿಗೂ, ಅಂದರೆ ಪಾಲಿಸಿ ಶುರುವಾದ ಮೇಲೆ ಕಾಯಿಲೆಗೆ ಹಣ ಸಿಗದ ಮೊದಲ ದಿನಗಳಿಗೂ, ಇದೇ ನ್ಯಾಯ: ಜೂನ್ 1ಕ್ಕೆ ಶುರುವಾದ ಪಾಲಿಸಿ, ಜೂನ್ 25ಕ್ಕೆ ವಾಂತಿ ಕಾಣಿಸಿತು, ಜುಲೈ 5ಕ್ಕೆ ಆಸ್ಪತ್ರೆಗೆ ಹೋದಿರಿ ಅಂದರೆ ಲೆಕ್ಕಕ್ಕೆ ಬರುವುದು ಜೂನ್ 25, ಜುಲೈ 5 ಅಲ್ಲ. ಹಾಗಾಗಿ ಲಕ್ಷಣ ಕಂಡ ದಿನವನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಿ, ಡಾಕ್ಟ್ರಿಗೆ ತಾರೀಕೇ ಹೇಳಿ. ತಾರೀಕು ತಿದ್ದಿ ಬರೆದುಕೊಡಿ ಅಂತ ಮಾತ್ರ ಕೇಳಬೇಡಿ. ಸುಳ್ಳು ಅಂತ ಗೊತ್ತಾದರೆ ಆ ಕ್ಲೇಮಿನ ಜೊತೆಗೆ ಪಾಲಿಸಿಯೂ ಹೋಗ್ತದೆ, ಬರೆದುಕೊಟ್ಟ ಡಾಕ್ಟ್ರಿಗೂ ತೊಂದರೆ.

ನಿಮ್ಮದು ಆಪರೇಶನ್ ಆಗದ ಹೆಣ್ಣು ನಾಯಿ ಆದ ಕಾರಣ ಇದನ್ನು ಗಮನ ಕೊಟ್ಟು ಓದಿ. ಬೆದೆ ಮುಗಿದು ನಾಲ್ಕರಿಂದ ಎಂಟು ವಾರದ ಒಳಗೆ ಗರ್ಭಕೋಶದಲ್ಲಿ ಕೀವು ತುಂಬುವ ಕಾಯಿಲೆ ಬರಬಹುದು, ಪಯೋಮೆಟ್ರಾ ಅಂತಾರೆ. ನೀರು ಜಾಸ್ತಿ ಕುಡಿಯುವುದು, ಊಟ ಬಿಡುವುದು, ಕೆಲವದರಲ್ಲಿ ಕೀವಿನ ಸ್ರಾವ. ತಡ ಮಾಡಿದರೆ ಜೀವಕ್ಕೇ ಬರ್ತದೆ. ಇದಕ್ಕೆ ಮಾಡುವ ಆಪರೇಶನ್ ಮತ್ತು ಸಂತಾನಹರಣಕ್ಕೆ ಮಾಡುವ ಆಪರೇಶನ್ ಹೆಚ್ಚುಕಡಿಮೆ ಒಂದೇ, ಗರ್ಭಕೋಶ ಮತ್ತು ಅಂಡಾಶಯ ತೆಗೆಯುವುದು. ಸಂತಾನಹರಣಕ್ಕೆ ಪಾಲಿಸಿ ಹಣ ಕೊಡುವುದಿಲ್ಲ. ಬಿಲ್ಲಿನಲ್ಲಿ 'ಸ್ಪೇ ಸರ್ಜರಿ' ಅಂತ ಎರಡೇ ಶಬ್ದ ಇದ್ದರೆ ತಿರಸ್ಕಾರ ಖಂಡಿತ. ಡಿಸ್ಚಾರ್ಜ್ ಕಾಗದದಲ್ಲಿ ರೋಗದ ಹೆಸರು ಪಯೋಮೆಟ್ರಾ ಅಂತ ಇರಬೇಕು, ಸ್ಕ್ಯಾನ್ ವರದಿ ಮತ್ತು ರಕ್ತ ಪರೀಕ್ಷೆ ಜೊತೆಗಿರಬೇಕು. ಹೊರತುಪಡಿಕೆಗಳ ಪಟ್ಟಿಯಲ್ಲಿ 'ಸಂತಾನೋತ್ಪತ್ತಿ ಅಂಗಗಳ ಕಾಯಿಲೆ' ಅಂತ ಸಾರಾಸಗಟು ಬರೆದಿದ್ದರೆ ಎಷ್ಟು ಕಾಗದ ಇದ್ದರೂ ಪ್ರಯೋಜನ ಇಲ್ಲ; ಅಂಥ ಪಾಲಿಸಿ ತೆಗೆಯುವ ಬದಲು ಆ ದುಡ್ಡಿನಲ್ಲಿ ಆಪರೇಶನ್ ಮಾಡಿಸುವುದೇ ಲೇಸು.

ಲ್ಯಾಬ್ರಡಾರಿಗೆ ಸೊಂಟದ ಕೀಲಿನ ದೋಷ ಬರುವುದು ಹೆಚ್ಚು. ಅದು 'ಹುಟ್ಟಿನಿಂದ ಬಂದದ್ದು' ಮತ್ತು 'ವಂಶದಿಂದ ಬಂದದ್ದು' ಎಂಬ ಎರಡು ಪ್ರತ್ಯೇಕ ಶಬ್ದಗಳಲ್ಲಿ ಬರಬಹುದು. ಒಂದನ್ನು ಮಾತ್ರ ಹೊರಗಿಟ್ಟಿದ್ದಾರಾ ಎರಡನ್ನೂ ಇಟ್ಟಿದ್ದಾರಾ ನೋಡಿ.

ಉಣ್ಣಿ ಜ್ವರ: ನಮ್ಮ ತೋಟಗಳ ಮಟ್ಟಿಗೆ ಇದೇ ಮುಖ್ಯ. ಉಣ್ಣಿ ತೆಗೆಯುವ ಸ್ಪ್ರೇ, ಮಾತ್ರೆ, ಶಾಂಪೂಗೆ ಹಣ ಸಿಗದಿರುವುದು ಸರಿಯೇ. ಆದರೆ ಉಣ್ಣಿಯಿಂದ ಹರಡುವ ಎರ್ಲಿಕಿಯಾ, ಬೇಬಿಸಿಯಾ ರಕ್ತದ ಕಾಯಿಲೆಗಳು. ಹೊರತುಪಡಿಕೆಯಲ್ಲಿ 'ಹೊರ ಪರಾವಲಂಬಿಗಳ ಚಿಕಿತ್ಸೆ' ಅಂತ ಮಾತ್ರ ಇದ್ದರೆ ವಾದ ಮಾಡಬಹುದು, 'ಅವುಗಳಿಂದ ಉಂಟಾಗುವ ರೋಗ ಸಹಿತ' ಅಂತ ಇದ್ದರೆ ಬಾಯಿ ಮುಚ್ಚಬೇಕು. ಕ್ಲೇಮಿಗೆ ರಕ್ತದ ಸ್ಮಿಯರ್ ಅಥವಾ ಪಿಸಿಆರ್ ವರದಿ ಬೇಕೇ ಬೇಕು. ಪ್ಲೇಟ್ಲೆಟ್ ಇಳಿದದ್ದು ನೋಡಿ ಡಾಕ್ಟ್ರು ಡಾಕ್ಸಿಸೈಕ್ಲಿನ್ ಎಂಬ ಆಂಟಿಬಯೋಟಿಕ್ ಶುರು ಮಾಡುವುದು ಚಿಕಿತ್ಸೆಯ ದೃಷ್ಟಿಯಿಂದ ಸರಿ, ಆದರೆ 'ಜ್ವರ' ಅಂತ ಮಾತ್ರ ಬರೆದ ಚೀಟಿ ಕಂಪೆನಿಗೆ ಸಾಲುವುದಿಲ್ಲ. ಈ ಮಾತ್ರೆ ಹೆಚ್ಚಾಗಿ ಮನುಷ್ಯರ ಮೆಡಿಕಲ್ ಶಾಪಿನಲ್ಲೇ ತರುವುದು. ಬಿಲ್ಲಿನಲ್ಲಿ ನಿಮ್ಮ ಹೆಸರಿನ ಜೊತೆ ನಾಯಿಯ ಹೆಸರೂ ಇರಲಿ, ಡಾಕ್ಟ್ರ ಚೀಟಿಯ ತಾರೀಕಿನ ಹಿಂದಿನ ಬಿಲ್ಲು ಇರಬಾರದು.

ಲಸಿಕೆಯಿಂದ ತಡೆಯಬಹುದಾದ ರೋಗಗಳಿಗೆ, ಅಂದರೆ ಪಾರ್ವೋ, ಡಿಸ್ಟೆಂಪರ್, ಇಲಿಜ್ವರ, ಲಸಿಕೆ ಅವಧಿಯೊಳಗೆ ಇದ್ದರೆ ಮಾತ್ರ ಹಣ. ವರ್ಷದ ಬೂಸ್ಟರ್ ಹತ್ತು ದಿನ ತಡ ಆಗಿ, ಆ ಹತ್ತು ದಿನದಲ್ಲಿ ರೋಗ ಬಂದರೆ ಇಲ್ಲ. ರೇಬೀಸ್ ಚುಚ್ಚಿಸಿದ ಸರ್ಟಿಫಿಕೇಟ್ ಒಂದನ್ನೇ ಹಿಡಕೊಂಡು 'ಲಸಿಕೆ ಆಗಿದೆ' ಅನ್ನುವವರು ಬಹಳ. ಅದು ರೇಬೀಸಿಗೆ ಮಾತ್ರ. ಕಾರ್ಡಿನಲ್ಲಿ ಬಾಟ್ಲಿಯ ಬ್ಯಾಚ್ ಸ್ಟಿಕ್ಕರ್, ಡಾಕ್ಟ್ರ ಸಹಿ, ಮೊಹರು ಮೂರೂ ಇರಬೇಕು. ಆಟಿಯ ಮಳೆಗೆ ಸ್ಟಿಕ್ಕರಿನ ಗೋಂದು ಬಿಟ್ಟು ಉದುರಿ ಹೋಗ್ತದೆ, ಹಾಕಿಸಿದ ದಿನವೇ ಫೋಟೋ ತೆಗೆದಿಡಿ.

ಹಾವು ಕಚ್ಚಿದ್ದು, ವಿಷ ತಿಂದದ್ದು: ಕೆಲವು ಪಾಲಿಸಿಗಳು ಹಾವಿನ ಕಡಿತವನ್ನು ಅಪಘಾತದಲ್ಲಿ ಸೇರಿಸಿ, ವಿಷಪ್ರಾಶನವನ್ನು ಹೊರಗಿಡುತ್ತವೆ. ಹಾಗಾದರೆ ಚೀಟಿಯಲ್ಲಿ 'ವಿಷಬಾಧೆ' ಅಂತ ಮೊಟಕಾಗಿ ಬರೆದರೆ ಆಯಿತು ಕತೆ. ಕಡಿತದ ಗುರುತು, ಬಾವು, ರಕ್ತ 20 ನಿಮಿಷದಲ್ಲಿ ಹೆಪ್ಪುಗಟ್ಟಿತೋ ಇಲ್ಲವೋ ಎಂಬ ಪರೀಕ್ಷೆಯ ಫಲ, ಹಾಕಿದ ಆಂಟಿವೆನಮ್ ಎಷ್ಟು ವಯಲ್ ಎಂಬುದೆಲ್ಲ ಬರೆದಿರಲಿ. ಇಲಿಪಾಷಾಣ, ಅಡಿಕೆಗೆ ಮದ್ದು ಬಿಡುವ ಕಾಲದಲ್ಲಿ ಡ್ರಮ್ಮಿನಲ್ಲಿ ಉಳಿದ ಮೈಲುತುತ್ತಿನ ದ್ರಾವಣ, ಇಂಥದ್ದಕ್ಕೆ ರಕ್ಷಣೆ ಉಂಟೋ ಇಲ್ಲವೋ ಅಂತ ಮೊದಲೇ ಕೇಳಿ.

ಪೆರ್ಲದ_ಹಟ್ಟಿ:

ಒಂದು ಸಣ್ಣ ಸೇರ್ಪಡೆ. ದನದ ಇನ್ಶೂರೆನ್ಸ್ ಗೊತ್ತಿದ್ದವರು ನಾಯಿಯದ್ದೂ ಹಾಗೇ ಅಂತ ತಿಳಿಯುವುದು ಉಂಟು. ದನದ್ದು ಹೆಚ್ಚಾಗಿ ಸತ್ತರೆ ಅಥವಾ ಪೂರ್ತಿ ನಿರುಪಯೋಗಿ ಆದರೆ ಸಿಗುವ ಹಣ, ಚಿಕಿತ್ಸೆಯ ಖರ್ಚು ಅಲ್ಲ. ಆದರೆ ಗುರುತಿನ ವಿಷಯದಲ್ಲಿ ಎರಡೂ ಒಂದೇ: ದನಕ್ಕೆ 12 ಅಂಕೆಯ ಕಿವಿ ಬಿಲ್ಲೆ ಇಲ್ಲದಿದ್ದರೆ ಹಣ ಇಲ್ಲ, ನಾಯಿಗೆ 15 ಅಂಕೆಯ ಮೈಕ್ರೋಚಿಪ್ ಇದ್ದರೆ 'ಇದು ಅದೇ ನಾಯಿಯಾ' ಎಂಬ ತಕರಾರು ಹುಟ್ಟುವುದೇ ಇಲ್ಲ. ಹಳದಿ ಲ್ಯಾಬ್ರಡಾರ್‌ಗಳೆಲ್ಲ ಫೋಟೋದಲ್ಲಿ ಒಂದೇ ಥರ ಕಾಣ್ತವೆ ಮಾರಾಯ್ರೆ. ಚಿಪ್ ಹಾಕಿಸಿದ ಮೇಲೆ ಆ ನಂಬ್ರ ಪಾಲಿಸಿಯಲ್ಲೂ ಲಸಿಕೆ ಕಾರ್ಡಿನಲ್ಲೂ ಒಂದೇ ಇರಲಿ, ಒಂದು ಅಂಕೆ ತಪ್ಪಿದ್ದರೆ ಈಗಲೇ ತಿದ್ದಿಸಿ.

ಮರಣದ ರಕ್ಷಣೆ ತೆಗೆದಿದ್ದರೆ ನಾಯಿ ಸತ್ತ ಕೂಡಲೇ ತೆಂಗಿನ ಬುಡದಲ್ಲಿ ಹೂಳಬೇಡಿ. ಮೊದಲು ಕಂಪೆನಿಗೆ ತಿಳಿಸಿ, ಪೋಸ್ಟ್‌ಮಾರ್ಟಂ ಬೇಕೋ ಕೇಳಿ, ಫೋಟೋ ತೆಗೆದು, ಆಮೇಲೆ.

ಇನ್ನು ಪಂಚಾಯತ್ ಲೈಸನ್ಸ್. ಕೇರಳದಲ್ಲಿ 1998ರ ನಿಯಮದ ಪ್ರಕಾರ ನಾಯಿ ಸಾಕಲು ಪಂಚಾಯತಿನ ಲೈಸನ್ಸ್ ಬೇಕು, ರೇಬೀಸ್ ಸರ್ಟಿಫಿಕೇಟ್ ತೋರಿಸಿ ತೆಗೆಯುವುದು. ನಿಮ್ಮ ನಾಯಿ ಬೇರೆಯವರಿಗೆ ಕಚ್ಚಿದಾಗ ಬರುವ 'ಮೂರನೆಯವರ ಹೊಣೆ' ರಕ್ಷಣೆ ಪಾಲಿಸಿಯಲ್ಲಿದ್ದರೆ, ಲೈಸನ್ಸ್ ಇಲ್ಲದಿರುವುದೇ ಅವರಿಗೆ ಮೊದಲ ನೆಪ.

ನೀರ್ಚಾಲು_ತೋಟ:

ಎಲ್ಲರಿಗೂ ಉಪಕಾರ. ಪಾಲಿಸಿಯ ವ್ಯಾಖ್ಯೆ ನೋಡಿದೆ, '24 ಗಂಟೆಗೆ ಕಡಿಮೆಯಿಲ್ಲದ' ಅಂತಲೇ ಉಂಟು, ಡೇ ಕೇರ್ ಶಬ್ದ ಎಲ್ಲೂ ಇಲ್ಲ. ಒಂದು ಕಾಯಿಲೆಯ ಮಿತಿ ಮೊದಲೇ ಹಾಕುವ ಕ್ರಮ. ಮಂಗಳೂರಿನ ಪ್ರಶ್ನೆ ಉಳಿಯಿತು. ಮತ್ತೆ, ಕ್ಲೇಮು ತಿರಸ್ಕಾರ ಆದರೆ ದೂರು ಎಲ್ಲಿಗೆ, ಕೇರಳಕ್ಕೋ ಕರ್ನಾಟಕಕ್ಕೋ?

ಕುಂಬ್ಳೆಯ_ಲೆಕ್ಕಿಗ:

ಹಾಗಾದರೆ ಒಪಿ ಸೇರಿಸದೆ ತೆಗೆಯಬೇಡಿ. ಒಪಿಗೂ ವರ್ಷದ ಮಿತಿ ಬೇರೆ ಇರುತ್ತದೆ, ಅದು ಐದು ದಿನದ ಡ್ರಿಪ್ಪಿಗೆ ಸಾಕಾ ನೋಡಿ ಪ್ರೀಮಿಯಂ ತೂಗಿ.

ಮಂಗಳೂರಿನ ಬಿಲ್ಲು: ಭೌಗೋಳಿಕ ಮಿತಿ 'ಭಾರತ' ಅಂತ ಇದ್ದರೆ ತಲಪಾಡಿ ಗೇಟು ಲೆಕ್ಕಕ್ಕಿಲ್ಲ. ಬೇಕಾದ್ದು ಡಾಕ್ಟ್ರ ಪಶುವೈದ್ಯ ರಿಜಿಸ್ಟ್ರೇಶನ್ ನಂಬ್ರ, ಅದು ಚೀಟಿಯಲ್ಲೂ ಬಿಲ್ಲಿನಲ್ಲೂ ಇರಲಿ. ನಮ್ಮ ಮೃಗಾಸ್ಪತ್ರೆಯ ಕಾಗದ ಮಲಯಾಳದಲ್ಲಿದ್ದರೆ ರೋಗದ ಹೆಸರು ಮತ್ತು ತಾರೀಕನ್ನಾದರೂ ಇಂಗ್ಲಿಷಿನಲ್ಲಿ ಬರೆಸಿಕೊಳ್ಳಿ. ಕ್ಲೇಮು ನೋಡುವವರು ಬೇರೆ ರಾಜ್ಯದಲ್ಲಿ ಕೂತಿದ್ದರೆ ಅನುವಾದ ಕೇಳಿ ದಿನ ಎಳೆಯುತ್ತಾರೆ. ಕಾಯಿಲೆ ತಿಳಿದ ಮೇಲೆ ಎಷ್ಟು ಗಂಟೆಯೊಳಗೆ ತಿಳಿಸಬೇಕು ಅಂತ ಪಾಲಿಸಿಯಲ್ಲಿರುತ್ತದೆ. ಫೋನ್ ಮಾಡಿದರೂ ಜೊತೆಗೆ ಇಮೈಲ್ ಹಾಕಿ, ತಾರೀಕಿಗೆ ಸಾಕ್ಷಿ ಅದೇ.

ದೂರು: ಮೊದಲು ಕಂಪೆನಿಯ ದೂರು ವಿಭಾಗಕ್ಕೆ ಬರಹದಲ್ಲಿ. ವಿಮಾ ಕಂಪೆನಿಗಳನ್ನು ನಿಯಂತ್ರಿಸುವ ಐಆರ್‌ಡಿಎಐಯ ಬಿಮಾ ಭರೋಸಾ ತಾಣದಲ್ಲೂ ಹಾಕಬಹುದು, 155255ಕ್ಕೆ ಫೋನ್ ಮಾಡಬಹುದು. ಒಂದು ತಿಂಗಳಲ್ಲಿ ಉತ್ತರ ಬಾರದಿದ್ದರೆ, ಅಥವಾ ಬಂದ ಉತ್ತರ ಒಪ್ಪಿಗೆ ಆಗದಿದ್ದರೆ, ಒಂದು ವರ್ಷದ ಒಳಗೆ ವಿಮಾ ಒಂಬುಡ್ಸ್‌ಮನ್, ಅಂದರೆ ವಿಮಾ ದೂರು ಇತ್ಯರ್ಥ ಮಾಡುವ ಅಧಿಕಾರಿಯ ಹತ್ತಿರ ಹೋಗಬೇಕು. ಶುಲ್ಕ ಇಲ್ಲ, ವಕೀಲರು ಬೇಡ. ಕೇರಳಕ್ಕೆ ಕೊಚ್ಚಿ ಕಚೇರಿ. ಆದರೆ ನೀವಿರುವ ವಿಳಾಸ ಅಥವಾ ಕಂಪೆನಿಯ ಶಾಖೆ ಇರುವ ಜಾಗ, ಎರಡರಲ್ಲಿ ಯಾವುದಾದರೂ ಒಂದರ ವ್ಯಾಪ್ತಿಯ ಕಚೇರಿಗೆ ಹೋಗಬಹುದು. ಪಾಲಿಸಿ ಮಂಗಳೂರು ಶಾಖೆಯದ್ದಾದರೆ ಬೆಂಗಳೂರು ಕಚೇರಿಯೂ ಆದೀತು. ತಿರಸ್ಕಾರದ ಪತ್ರದಲ್ಲಿ ಯಾವ ಷರತ್ತಿನ ನಂಬ್ರ ಹೇಳಿದ್ದಾರೋ ಅದನ್ನೇ ಎತ್ತಿಕೊಂಡು ಉತ್ತರ ಬರೆಯಿರಿ. ನಂಬ್ರ ಹೇಳದೆ 'ಪಾಲಿಸಿ ಷರತ್ತಿನ ಪ್ರಕಾರ' ಅಂತ ಮಾತ್ರ ಬರೆದಿದ್ದರೆ, ಯಾವ ಷರತ್ತು ಅಂತ ಕೇಳುವುದೇ ನಿಮ್ಮ ಮೊದಲ ಕಾಗದ.

ಮುಳ್ಳೇರಿಯ_ಮದ್ದುಪೆಟ್ಟಿಗೆ:

ಪಾಲಿಸಿ ತೆಗೆಯುವ ವಾರದಲ್ಲೇ ನಾಯಿಯನ್ನು ಒಮ್ಮೆ ಪೂರ್ತಿ ಪರೀಕ್ಷೆ ಮಾಡಿಸಿ, ತೂಕ, ಹಲ್ಲು, ನಡಿಗೆ, ರಕ್ತ ಎಲ್ಲ ಬರೆಸಿಟ್ಟುಕೊಳ್ಳಿ. ನಾಳೆ 'ಮೊದಲೇ ಇತ್ತು' ಅಂತ ಅವರು ಹೇಳಿದರೆ 'ಇರಲಿಲ್ಲ' ಅನ್ನಲು ಇರುವ ಕಾಗದ ಅದೊಂದೇ. ನವೀಕರಣದ ತಾರೀಕನ್ನು ಫೋನಿನಲ್ಲಿ ಹದಿನೈದು ದಿನ ಮೊದಲೇ ಅಲಾರಂ ಇಡಿ. ತಪ್ಪಿದರೆ ಹೊಸ ಪಾಲಿಸಿಯ ಲೆಕ್ಕ, 30 ದಿನದ ವೇಟಿಂಗ್ ಮತ್ತೆ ಒಂದರಿಂದ ಶುರು, ಈ ವರ್ಷ ಬಂದ ಉಣ್ಣಿ ಜ್ವರ ಮುಂದಿನ ವರ್ಷಕ್ಕೆ 'ಹಳೇ ಕಾಯಿಲೆ'.