ಐದು ವರ್ಷದ ಡ್ಯುಯಲ್ ಡಿಗ್ರಿ ತಗೊಳ್ಳೋದಾ, ನಾಲ್ಕು ವರ್ಷದ ಬಿ.ಟೆಕ್ ಸಾಕಾ?

ತೀರ್ಥಹಳ್ಳಿಯಿಂದ: ಮಗಳು ಜೆಇಇ ಅಡ್ವಾನ್ಸ್ಡ್ ಪಾಸಾಗಿದ್ದಾಳೆ. ಐಐಟಿ, ಎನ್‌ಐಟಿಗಳ ಸೀಟು ಹಂಚುವ ಜೋಸಾ ಕೌನ್ಸೆಲಿಂಗಿನಲ್ಲಿ ಚಾಯ್ಸ್ ತುಂಬೋಕೆ ಕೂತರೆ ಬಿ.ಟೆಕ್, ಎಂ.ಟೆಕ್ ಎರಡೂ ಸೇರಿದ ಐದು ವರ್ಷದ ಕೋರ್ಸುಗಳೂ ಕಾಣ್ತಿವೆ. ನಮ್ಮದು ಅಡಿಕೆ ತೋಟದ ಆದಾಯ ಅಷ್ಟೆ. ಒಂದು ವರ್ಷ ಹೆಚ್ಚು ಓದಿಸೋದರಿಂದ ಪ್ರಯೋಜನ ಇದೆಯಾ? ತಿಳಿದವರು ಹೇಳಿ.

ಶಿವಮೊಗ್ಗದಿಂದ: ಮೊದಲು ಕೋರ್ಸಿನ ಹೆಸರು ಸರಿಯಾಗಿ ನೋಡಿ ಸರ್. ‘ಡ್ಯುಯಲ್ ಡಿಗ್ರಿ’ ಅಂದರೆ ಕೊನೆಗೆ ಎರಡು ಪದವಿ. ‘ಇಂಟಿಗ್ರೇಟೆಡ್ ಎಂ.ಟೆಕ್’ ಅಂತಿದ್ದರೆ ಸಾಮಾನ್ಯವಾಗಿ ಒಂದೇ. ವ್ಯತ್ಯಾಸ ತಿಳಿಯೋದು ನಾಲ್ಕನೇ ವರ್ಷ ಮುಗಿದಾಗ. ಆಗ ಕೆಲಸ ಸಿಕ್ಕಿತು, ಹೊರಡ್ತೀನಿ ಅಂದರೆ ಕೈಗೆ ಯಾವ ಪದವಿಯೂ ಸಿಗದೆ ಹೋಗಬಹುದು. ನಡುವೆ ಬಿಟ್ಟರೆ ಏನು ಕೊಡ್ತಾರೆ ಅನ್ನೋದು ಆಯಾ ಸಂಸ್ಥೆಯ ನಿಯಮಾವಳಿಯಲ್ಲಿ ಇರುತ್ತೆ, ಅದನ್ನ ಓದದೆ ಚಾಯ್ಸ್ ಹಾಕಬೇಡಿ.

ಇನ್ನೊಂದು, 7ನೇ ಸೆಮಿಸ್ಟರಿನಿಂದ 10ರವರೆಗಿನ ಸಿಲಬಸ್ ತೆಗೆದು ಮಗಳ ಜೊತೆ ಕೂತು ನೋಡಿ. ಎಂ.ಟೆಕ್ ಮಟ್ಟದ ವಿಷಯ ಎಷ್ಟಿವೆ, ಥೀಸಿಸ್ ಒಂದು ಸೆಮಿಸ್ಟರೋ ಎರಡೋ, ಸ್ಪೆಷಲೈಸೇಷನ್ ಸೇರುವಾಗಲೇ ಗಟ್ಟಿಯಾಗಿಬಿಡುತ್ತಾ. ಸಿವಿಲ್‌ಗೆ ಸೇರಿ ಮುಂದೆ ನೀರಾವರಿ ಕಡೆ ಮನಸ್ಸು ಹೋದರೂ, ಕೋರ್ಸು ಸ್ಟ್ರಕ್ಚರ್ಸ್‌ಗೆ ಕಟ್ಟಿದ್ದರೆ ಅದನ್ನೇ ಓದಬೇಕಾಗುತ್ತೆ.

ಸಾಗರದಿಂದ: ಬೇರೆ ಬೇರೆ ಓದಿದರೆ 4+2, ಆರು ವರ್ಷ. ಇಲ್ಲಿ ಐದು. ಒಂದು ವರ್ಷ ಉಳೀತು ಅನ್ನೋದು ನಿಜ, ಆದರೆ ಪೂರ್ತಿ ಲೆಕ್ಕ ಅದಲ್ಲ. ಗೇಟ್ ಅನ್ನೋ ಪ್ರವೇಶ ಪರೀಕ್ಷೆ ಬರೆದು ಎಂ.ಟೆಕ್ ಸೇರಿದವರಿಗೆ ತಿಂಗಳಿಗೆ 12,400 ರೂ. ಸ್ಟೈಪೆಂಡ್ ಇದೆ. ಗೇಟ್ ಸ್ಕೋರು 3 ವರ್ಷ ನಡೆಯುತ್ತೆ, ನಡುವೆ ಕೆಲಸವನ್ನೂ ಮಾಡಬಹುದು. ಡ್ಯುಯಲ್ ಡಿಗ್ರಿಯ ಐದನೇ ವರ್ಷಕ್ಕೆ ಸ್ಟೈಪೆಂಡ್ ಉಂಟೋ ಇಲ್ಲವೋ, ಎಷ್ಟು ಸಿಜಿಪಿಎ (ಎಲ್ಲ ಸೆಮಿಸ್ಟರಿನ ಸರಾಸರಿ ಗ್ರೇಡ್) ಬೇಕು ಅನ್ನೋದು ಒಂದೊಂದು ಕಡೆ ಒಂದೊಂದು ಥರ. ಸಾಲ ಮಾಡೋದಾದರೆ ಮೊದಲೇ ಐದು ವರ್ಷಕ್ಕೂ ಮಂಜೂರು ಮಾಡಿಸಿ. ನಾಲ್ಕಕ್ಕೆ ಮಾಡಿಸಿದರೆ ಕಂತು ಒಂದು ವರ್ಷ ಮೊದಲೇ ಶುರುವಾಗುತ್ತೆ.

ಕೊಪ್ಪದಿಂದ: ನನ್ನ ಅಭಿಪ್ರಾಯ ಸ್ಪಷ್ಟ. ಒಂದೇ ಸಂಸ್ಥೆ, ಒಂದೇ ಬ್ರಾಂಚ್ ಆದರೆ ನಾಲ್ಕು ವರ್ಷದ್ದನ್ನ ಮೇಲೆ ಹಾಕಿ, ಡ್ಯುಯಲ್ ಅದರ ಕೆಳಗೆ. ಡ್ಯುಯಲ್‌ಗೆ ಕಟಾಫ್ ರ‍್ಯಾಂಕ್ ಸಾಮಾನ್ಯವಾಗಿ ಸ್ವಲ್ಪ ಸಡಿಲ. ಹಾಗಾಗಿ ಇಷ್ಟದ ಬ್ರಾಂಚ್ ನಾಲ್ಕು ವರ್ಷಕ್ಕೆ ಸಿಗದೆ ಐದು ವರ್ಷಕ್ಕೆ ಸಿಕ್ಕಿದರೆ ಧೈರ್ಯವಾಗಿ ತಗೊಳ್ಳಿ. ಮದ್ರಾಸ್ ಐಐಟಿಯಂಥ ಕಡೆ ಬಿ.ಟೆಕ್ ಸೇರಿದವರೂ ಓದಿನ ನಡುವೆ ಡ್ಯುಯಲ್‌ಗೆ ಬದಲಾಗಬಹುದು. ಸೀಟು ಸಿಕ್ಕ ಮೇಲೆ ಗಡಿಬಿಡಿಯಲ್ಲಿ ‘ಫ್ರೀಜ್’, ಅಂದರೆ ಇದೇ ಸೀಟು ಸಾಕು ಅಂತ, ಒತ್ತಬೇಡಿ. ಮೇಲಿನ ಚಾಯ್ಸ್ ಇನ್ನೂ ಬೇಕಿದ್ದರೆ ‘ಫ್ಲೋಟ್’, ಅದೇ ಸಂಸ್ಥೆಯೊಳಗೇ ಬ್ರಾಂಚ್ ಬದಲಾಗಬೇಕಿದ್ದರೆ ‘ಸ್ಲೈಡ್’. ಮೇಲಿನದು ಸಿಕ್ಕಿತೆಂದರೆ ಮೊದಲಿನ ಸೀಟು ಹೋಯಿತು, ವಾಪಸ್ ಬರಲ್ಲ.

ತೀರ್ಥಹಳ್ಳಿಯಿಂದ: ತುಂಬಾ ಉಪಕಾರ ಆಯ್ತು. ಅರ್ಜಿಯಲ್ಲಿ ಒಬಿಸಿ ಅಂತ ಹಾಕಿದ್ದೇವೆ. ಕೈಲಿರೋದು ಸಿಇಟಿಗೆ ಮಾಡಿಸಿದ 2ಎ ಪತ್ರ. ಅದು ನಡೆಯುತ್ತಾ?

ಹೊಸನಗರದಿಂದ: ನಡೆಯಲ್ಲ ಮಾರಾಯ್ರೆ, ನಾಳೆನೇ ನಾಡಕಚೇರಿಗೆ ಹೋಗಿ. 2ಎ ರಾಜ್ಯದ್ದು. ಜೋಸಾಕ್ಕೆ ಬೇಕಾದ್ದು ಕೇಂದ್ರದ ನಮೂನೆಯ ಒಬಿಸಿ, ಕೆನೆಪದರ ಅಲ್ಲದ್ದು. ನಿಮ್ಮ ಜಾತಿಯ ಹೆಸರು ಕೇಂದ್ರದ ಪಟ್ಟಿಯಲ್ಲಿ ಇದೆಯಾ ನೋಡಿಕೊಳ್ಳಿ, ಪತ್ರದ ತಾರೀಖು ಈ ವರ್ಷದ ಏಪ್ರಿಲ್ 1 ಅಥವಾ ಆಮೇಲಿನದ್ದೇ ಆಗಿರಲಿ. ಹೆಸರಿನ ಇನಿಷಿಯಲ್ ಹತ್ತನೇ ತರಗತಿ ಅಂಕಪಟ್ಟಿಯಂತೆಯೇ ಇದೆಯಾ ಅಂತ ಕೌಂಟರಿನಲ್ಲೇ ನಿಂತು ಓದಿ, ಆಮೇಲೆ ಮನೆಗೆ ಹೊರಡಿ.