ಮಧ್ಯಮ ಮಟ್ಟದ ಆಟಗಾರನಿಗೆ ಒಗ್ಗುವ ಚೆಸ್ ಸಾಫ್ಟ್‌ವೇರ್ ಯಾವುದು? ನೆಟ್ ಇಲ್ಲದೆ ಆಡುವಂಥದ್ದು ಬೇಕು

ತೋಟದಮನೆ, ತೀರ್ಥಹಳ್ಳಿ:
ಎಲ್ಲರಿಗೂ ನಮಸ್ಕಾರ. ನೆಟ್‌ನಲ್ಲಿ ಚೆಸ್ ಆಡುವ ತಾಣ ಲಿಚೆಸ್‌ನಲ್ಲಿ ನನ್ನ ರೇಟಿಂಗ್ (ಆಟದ ಬಲ ತೋರಿಸುವ ಅಂಕಿ) 1550ರ ಆಸುಪಾಸು. ಮಳೆಗಾಲದಲ್ಲಿ ನಮ್ಮಲ್ಲಿ ಕರೆಂಟು ಹೋದ ಹಿಂದೆಯೇ ಟವರೂ ಹೋಗ್ತದೆ, ಗೆಲ್ಲುವ ಆಟ ಅರ್ಧಕ್ಕೇ ನಿಂತು ಸೋಲು ಅಂತ ಬರ್ತದೆ. ಹಾಗಾಗಿ ಲ್ಯಾಪ್‌ಟಾಪಿನಲ್ಲೇ ಆಡೋಣ ಅಂತ ಅರೆನಾ ಅನ್ನುವ ಚೆಸ್ ಬೋರ್ಡ್ ಸಾಫ್ಟ್‌ವೇರ್ ಹಾಕಿ, ಅದರೊಳಗೆ ನಡೆ ಲೆಕ್ಕ ಹಾಕುವ ಎಂಜಿನ್ ಆದ ಸ್ಟಾಕ್‌ಫಿಶ್‌ನ ಹಳೇ ಆವೃತ್ತಿ ಸೇರಿಸಿಕೊಂಡೆ.

ತೊಂದರೆ ಎಂತ ಅಂದ್ರೆ, ಪೂರ್ತಿ ಬಲಕ್ಕೆ ಬಿಟ್ಟರೆ ಉಸಿರಾಡಲಿಕ್ಕೆ ಬಿಡೋದಿಲ್ಲ. ಸ್ಕಿಲ್ ಲೆವೆಲ್ ಇಳಿಸಿದರೆ ಸುಮಾರು ಹೊತ್ತು ಒಂದೂ ಕುಂದಿಲ್ಲದೆ ಆಡಿ, ಇದ್ದಕ್ಕಿದ್ದಂತೆ ಕಾಯಿ ದಾನ ಮಾಡ್ತದೆ. ನಿನ್ನೆ ರಾತ್ರಿ ಅದರ ಕುದುರೆ ಡಿ4ರಲ್ಲಿ ಭದ್ರವಾಗಿ ಕೂತಿತ್ತು. ನಾನು ಆನೆಯನ್ನು ಇ1ಕ್ಕೆ ತಂದೆ, ಅಷ್ಟೇ. ಅದು ಕುದುರೆಯನ್ನು ಬಿ3ಕ್ಕೆ ಹಾರಿಸ್ತು, ನನ್ನ ಎ2 ಕಾಲಾಳು ಹೊಡೀತು. ಹಾಗೆ ಗೆದ್ದ ಆಟದಿಂದ ಕಲಿಯೋದೇನು? ನಮ್ಮೂರಿನಲ್ಲಿ ಆಡುವವರು ತಪ್ಪು ಮಾಡ್ತಾರೆ, ಆದರೆ ಅದಕ್ಕೊಂದು ಕಾರಣ ಇರ್ತದೆ. ದಾಳಿಯ ಹುಮ್ಮಸ್ಸಿನಲ್ಲಿ ಹಿಂದಿನ ಸಾಲು ಮರೀತಾರೆ, ಮೂಲೆಯಿಂದ ಮೂಲೆಗೆ ನೋಡ್ತಾ ಕೂತ ಒಂಟೆ ಕಣ್ಣಿಗೆ ಬೀಳೋದಿಲ್ಲ. ಅಂಥ ಎದುರಾಳಿ ಬೇಕು. ಲ್ಯಾಪ್‌ಟಾಪು ಎರಡನೇ ಪೀಳಿಗೆಯ ಐ3, 4 ಜಿಬಿ ರ‍್ಯಾಮ್, ವಿಂಡೋಸ್ 10.

ಭದ್ರಾವತಿಯಿಂದ:
ಫೋನಿನಲ್ಲಿ ಡ್ರಾಯ್ಡ್‌ಫಿಶ್ ಅನ್ನುವ ಚೆಸ್ ಆ್ಯಪ್ ಹಾಕಿಕೊಳ್ಳಿ ಅಣ್ಣ. ಉಚಿತ, ಜಾಹೀರಾತಿಲ್ಲ, ನೆಟ್ ಬೇಡ, ಬಲವನ್ನೂ ಇಳಿಸಬಹುದು. ನಾನು ಬಸ್ಸಿನಲ್ಲಿ ಅದನ್ನೇ ಆಡೋದು. ಆದರೆ ಅದರೊಳಗಿರೋದೂ ಸ್ಟಾಕ್‌ಫಿಶ್ಶೇ, ನೀವು ಹೇಳಿದ ದಾನಬುದ್ಧಿ ಅಲ್ಲೂ ಇದೆ.

ಸಾಗರದ ಮೇಷ್ಟ್ರು:
ತೋಟದಮನೆಯವರೇ, ನಿಮಗೆ ಅನ್ನಿಸಿದ್ದು ಸರಿಯಾಗೇ ಇದೆ. ಶಾಲೆ ಬಿಟ್ಟ ಮೇಲೆ ಮಕ್ಕಳಿಗೆ ಚೆಸ್ ಹೇಳಿಕೊಡ್ತೇನೆ, ಅವರೂ ಇದನ್ನೇ ಹೇಳ್ತಾರೆ. ಸ್ಕಿಲ್ ಲೆವೆಲ್ 0ರಿಂದ 20ರವರೆಗೆ ಇರ್ತದೆ. 20ಕ್ಕಿಂತ ಕೆಳಗಿಟ್ಟರೆ ಸ್ಟಾಕ್‌ಫಿಶ್ ಒಳಗೊಳಗೇ ಹಲವು ನಡೆಗಳನ್ನು ಲೆಕ್ಕ ಹಾಕಿ, ಒಮ್ಮೊಮ್ಮೆ ಬೇಕಂತಲೇ ಕಳಪೆಯದನ್ನು ಎತ್ತಿಕೊಳ್ತದೆ. ಆ ಆಯ್ಕೆಯಲ್ಲಿ ಅದೃಷ್ಟದ ಪಾಲಿದೆ, ಮನುಷ್ಯನ ಕಣ್ತಪ್ಪು ಇಲ್ಲ. ಎಲೋ (ರೇಟಿಂಗ್ ಅಂಕಿ) ಮಿತಿ ಹಾಕುವ ಇನ್ನೊಂದು ಆಯ್ಕೆ ಇದೆ, ಸ್ಟಾಕ್‌ಫಿಶ್ 16ರಲ್ಲಿ 1320ರಿಂದ 3190ರವರೆಗೆ. ಅಲ್ಲಿ 1550 ಅಂತ ಬರೆದರೆ ನಿಮ್ಮ ಸಮಕ್ಕೆ ಬಂತು ಅಂದುಕೊಳ್ಳಬೇಡಿ. ಆ ಅಂಕಿಯನ್ನು ಕಂಪ್ಯೂಟರ್-ಕಂಪ್ಯೂಟರ್ ಆಟಗಳ ಪಟ್ಟಿಗೆ ಹೊಂದಿಸಿದ್ದಾರೆ. ಲಿಚೆಸ್ ಅಂಕಿ ಬೇರೆ, ಅಂತರರಾಷ್ಟ್ರೀಯ ಚೆಸ್ ಸಂಸ್ಥೆ ಫಿಡೆಯ ಅಂಕಿ ಇನ್ನೂ ಬೇರೆ.

ನಿಮಗೆ ಬೇಕಾದದ್ದು ಮಾಯಾ ಅನ್ನುವ ಚೆಸ್ ಎಂಜಿನ್. 2020ರಲ್ಲಿ ಟೊರಾಂಟೊ, ಕಾರ್ನೆಲ್ ವಿಶ್ವವಿದ್ಯಾಲಯಗಳು ಮತ್ತು ಮೈಕ್ರೋಸಾಫ್ಟ್ ರಿಸರ್ಚ್‌ನವರು ಸೇರಿ ಹೊರತಂದದ್ದು. ಗೆಲ್ಲೋದು ಹೇಗೆ ಅಂತ ಅದಕ್ಕೆ ಕಲಿಸಿಲ್ಲ. ಈ ರೇಟಿಂಗಿನವರು ಈ ಸ್ಥಿತಿಯಲ್ಲಿ ಏನು ಆಡ್ತಾರೆ ಅಂತ ಊಹಿಸಲಿಕ್ಕೆ ಲಿಚೆಸ್‌ನ ಲಕ್ಷಾಂತರ ಆಟಗಳಿಂದ ಕಲಿಸಿದ್ದಾರೆ. 1100ರಿಂದ 1900ರವರೆಗೆ ನೂರು ನೂರರ ಅಂತರದಲ್ಲಿ ಒಂಬತ್ತು ಮಾದರಿ ಇವೆ. ಅಂಕಿ ಲಿಚೆಸ್‌ನದೇ ಆದ್ದರಿಂದ ನಿಮಗೆ ಹೋಲಿಸಲಿಕ್ಕೂ ಸುಲಭ.

ಲ್ಯೂಕಾಸ್ ಚೆಸ್ ಅನ್ನುವ ಸಾಫ್ಟ್‌ವೇರ್ ಇಳಿಸಿಕೊಳ್ಳಿ, ಉಚಿತ. ಮಾಯಾ ಅದರ ಜೊತೆಗೇ ಬರ್ತದೆ, ಬೇರೆ ಜೋಡಿಸುವ ತಲೆಬಿಸಿ ಇಲ್ಲ. ಮೊದಲು 1300 ಹಾಕಿ ನೋಡಿ. ಒಂದು ಸ್ಥಿತಿಯಲ್ಲಿ ಹೆಚ್ಚು ಜನ ಆಡುವ ನಡೆಯನ್ನೇ ಅದು ಆರಿಸೋದರಿಂದ ಒಬ್ಬೊಬ್ಬರ ವಿಪರೀತ ತಪ್ಪುಗಳು ಸೋಸಿಹೋಗ್ತವೆ, ಹೆಸರಿನ ಅಂಕಿಗಿಂತ ಆಟ ಸ್ವಲ್ಪ ಗಟ್ಟಿಯೇ ಇರ್ತದೆ. ಮುಖ್ಯವಾಗಿ, ನೋಡ್ಸ್ (ಎಷ್ಟು ಸ್ಥಿತಿ ಲೆಕ್ಕ ಹಾಕಬೇಕು) ಅನ್ನುವ ಕಡೆ 1 ಅಂತಲೇ ಇರಲಿ. ಅದನ್ನು ಏರಿಸಿದರೆ ಮುಂದಿನ ನಡೆಗಳನ್ನು ಹುಡುಕಲಿಕ್ಕೆ ಶುರು ಮಾಡ್ತದೆ, ಮನುಷ್ಯನ ಗುಣ ಹೋಗಿಬಿಡ್ತದೆ. ಒಂದೇ ನೋಡ್ ಆದ್ದರಿಂದ ನಿಮ್ಮ ಐ3 ಕೂಡ ಆರಾಮಾಗಿ ಎಳೀತದೆ.

ತೋಟದಮನೆ, ತೀರ್ಥಹಳ್ಳಿ:
ಮೇಷ್ಟ್ರೇ, ತುಂಬಾ ಉಪಕಾರ ಆಯ್ತು. 1500ರ ಮಾಯಾ ಜೊತೆ ಆಡಿದೆ. ನಾನು ರಾಣಿ ಕಡೆ ಕಾಲಾಳು ತಳ್ಳುವಾಗ ಅದು ನನ್ನ ರಾಜನ ಮೇಲೆ ಬಿತ್ತು, ಆ ಭರದಲ್ಲಿ ಅದರ ಹಿಂದಿನ ಸಾಲು ಖಾಲಿ! ಥೇಟ್ ನಮ್ಮೂರಿನ ಆಟ. ಆದರೆ ಒಂದೇ ಓಪನಿಂಗಿಗೆ ಪ್ರತಿ ಸಲ ಅದೇ ನಡೆ ಆಡ್ತದೆ. ಇನ್ನೊಂದು, ಆಟ ಪರಿಶೀಲಿಸಲಿಕ್ಕೆ ಅಂತ ಹೊಸ ಸ್ಟಾಕ್‌ಫಿಶ್ ಇಳಿಸಿದೆ, ತೆರೆದ ಕೂಡಲೇ ಮುಚ್ಚಿಕೊಳ್ತದೆ.

ಶಿವಮೊಗ್ಗ ಸರ್ವಿಸ್:
ನೀವು ಎವಿಎಕ್ಸ್2 ಅಂತ ಹೆಸರಿರುವ ಫೈಲ್ ತಗೊಂಡಿರಬೇಕು. ಎವಿಎಕ್ಸ್2 ಅಂದ್ರೆ ಪ್ರೊಸೆಸರಿನೊಳಗಿನ ಆದೇಶಗಳ ಒಂದು ಗುಂಪು, ಇಂಟೆಲ್‌ನಲ್ಲಿ ಅದು ಬಂದದ್ದು 2013ರ ನಾಲ್ಕನೇ ಪೀಳಿಗೆಯಿಂದ. ನಿಮ್ಮದಕ್ಕೆ ಎಸ್‌ಎಸ್‌ಇ41-ಪಾಪ್‌ಕೌಂಟ್ ಅಂತ ಇರುವ ಫೈಲ್ ಸರಿಹೋಗ್ತದೆ. ಥ್ರೆಡ್ಸ್ (ಒಟ್ಟಿಗೆ ನಡೆಯುವ ಲೆಕ್ಕಗಳು) 2, ಹ್ಯಾಶ್ (ಅದು ಬಳಸುವ ಮೆಮೊರಿ) 256 ಎಂಬಿ ಸಾಕು. ಪಾಂಡರ್ ಆಫ್ ಮಾಡಿ, ಇಲ್ಲದಿದ್ದರೆ ನೀವು ಯೋಚಿಸುವಾಗಲೂ ಅದು ಲೆಕ್ಕ ಹಾಕ್ತಾ ಬ್ಯಾಟರಿ ತಿಂತದೆ. ಕರೆಂಟಿಲ್ಲದ ಊರಿಗೆ ಇದು ದೊಡ್ಡ ವಿಷಯ.

ಸಾಗರದ ಮೇಷ್ಟ್ರು:
ಒಂದೇ ನಡೆ ಬರೋದು ಸಹಜ, ಹುಡುಕಾಟ ಇಲ್ಲದ್ದರಿಂದ ಅದೇ ಸ್ಥಿತಿಗೆ ಅದೇ ಉತ್ತರ. ಓಪನಿಂಗ್ ಬುಕ್ (ಆರಂಭದ ನಡೆಗಳ ಪಟ್ಟಿ) ಹಚ್ಚಿ, ಮೊದಲ ಕೆಲವು ನಡೆ ಬುಕ್ಕಿನಿಂದ ಬರಲಿ, ಆಟ ಬೇರೆ ಬೇರೆ ದಾರಿ ಹಿಡೀತದೆ.

ಪರಿಶೀಲನೆ ಬಗ್ಗೆ ಒಂದು ಮಾತು, ಇದನ್ನು ನಾನು ಮಕ್ಕಳಿಗೆ ಕಡ್ಡಾಯ ಮಾಡಿದ್ದೇನೆ. ಆಟ ಮುಗಿದ ಕೂಡಲೇ ಸ್ಟಾಕ್‌ಫಿಶ್ ಹಚ್ಚಬೇಡಿ. ಎಲ್ಲಿ ಕೆಟ್ಟಿತು ಅಂತ ನಿಮಗೆ ತೋಚಿದ್ದನ್ನು ಮೊದಲು ಬರೆದಿಡಿ. ಆಮೇಲೆ ಸ್ಟಾಕ್‌ಫಿಶ್‌ನ ಮಲ್ಟಿಪಿವಿ ಅನ್ನುವ ಆಯ್ಕೆ 3 ಇಟ್ಟು ನೋಡಿ, ಅತ್ಯುತ್ತಮ ಮೂರು ನಡೆ ಅವುಗಳ ಅಂಕಿ ಸಮೇತ ಅಕ್ಕಪಕ್ಕ ಕಾಣ್ತವೆ. ಮೂರರ ಅಂಕಿಯೂ ಹತ್ತಿರ ಹತ್ತಿರ ಇದ್ದರೆ ಅಲ್ಲಿ ತಲೆ ಕೆಡಿಸಿಕೊಳ್ಳೋದು ಬೇಡ. ಮೊದಲನೆಯದಕ್ಕೂ ಎರಡನೆಯದಕ್ಕೂ ದೊಡ್ಡ ಅಂತರ ಇರುವ ಜಾಗದಲ್ಲಿ ನಿಲ್ಲಿ. ಆ ಸ್ಥಿತಿಯನ್ನು ಲ್ಯೂಕಾಸ್ ಚೆಸ್‌ಗೆ ಅಂಟಿಸಿ, ಅಲ್ಲಿಂದಲೇ ಮಾಯಾ ವಿರುದ್ಧ ಎರಡೂ ಕಡೆಯಿಂದ ಆಡಿ ನೋಡಿ. 1900 ಹಾಕಿದರೂ ಗೆಲ್ಲುವಂತಾದರೆ ಮುಂದಿನ ಸ್ಥಿತಿಗೆ ಹೋಗಿ.